ಕೊಡುವುದಕ್ಕೆಂದು ಸಾಕುವುದು

ದತ್ತು ಎಂಬ ಮಾತು ಮೈಸೂರಿನವರಿಗೆ ಹೊಸದಲ್ಲ. ೧೮೬೫ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ೨೦೧೫ರಲ್ಲಿ ಪ್ರಮೋದಾದೇವಿಯವರು ಯದುವೀರರನ್ನು ಸ್ವೀಕರಿಸಿದರು. ಅರಮನೆಯ ಮಾತು ಹಾಗಿರಲಿ, ಹಳೆಯ ಅಗ್ರಹಾರಗಳಲ್ಲಿ ಅಣ್ಣನ ಮಗನನ್ನೋ ತಂಗಿಯ ಮಗನನ್ನೋ ತೊಡೆಯ ಮೇಲೆ ಕೂರಿಸಿಕೊಂಡ ಮನೆಗಳು ಎಷ್ಟೋ. ಈ ಎಲ್ಲ ದತ್ತುಗಳಲ್ಲಿಯೂ ಇರುವವರು ಇಬ್ಬರೇ: ಕೊಡುವವರು ಮತ್ತು ಪಡೆಯುವವರು. ಈಚೆಗೆ ನಮ್ಮ ಊರಿನಲ್ಲಿ ಮೂರನೆಯವರೊಬ್ಬರು ಕಾಣಿಸಿಕೊಂಡಿದ್ದಾರೆ. ಇವರು ಹೆತ್ತವರಲ್ಲ, ಪಡೆದು ಇಟ್ಟುಕೊಳ್ಳುವವರೂ ಅಲ್ಲ. ಬೀದಿಪಾಲಾದ ನಾಯಿಮರಿಯೊಂದನ್ನು ಎರಡು ಮೂರು ತಿಂಗಳು ಮನೆಯಲ್ಲಿಟ್ಟು, ಉಣ್ಣಿಸಿ, ತಿದ್ದಿ, ತಕ್ಕ ಮನೆ ಸಿಕ್ಕೊಡನೆ ಎತ್ತಿ ಕೊಟ್ಟುಬಿಡುವವರು. ಕನ್ನಡದಲ್ಲಿ ಇವರಿಗೆ ಹೆಸರಿಲ್ಲ. ‘ಸಾಕುತಾಯಿ’ ಎಂಬ ಮಾತಿದೆ. ಆದರೆ ನಮ್ಮ ಕಲ್ಪನೆಯ ಸಾಕುತಾಯಿ ಯಶೋದೆ. ಮಗು ಮಥುರೆಗೆ ಹೋಗುವುದೆಂದು ಅವಳಿಗೆ ಮೊದಲೇ ಗೊತ್ತಿರಲಿಲ್ಲ. ಇವರಿಗೆ ಗೊತ್ತಿದೆ. ಗೊತ್ತಿದ್ದೂ ಪ್ರೀತಿಸುತ್ತಾರೆ, ಪ್ರೀತಿಯನ್ನು ಕಲಿಸುತ್ತಾರೆ. ಇದು ಸರಿಯೆ?

ಪ್ರಶ್ನೆ ನನ್ನದಲ್ಲ. ಸರಸ್ವತೀಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ನಿವೃತ್ತ ಉಪಾಧ್ಯಾಯಿನಿಯೊಬ್ಬರನ್ನು (ಬೀದಿಗೆಲ್ಲ ಅವರು ಟೀಚರಮ್ಮ) ಹಾಲು ತರುವ ಹೆಂಗಸು ಒಂದು ಬೆಳಿಗ್ಗೆ ನೇರವಾಗಿಯೇ ಕೇಳಿದಳು: “ಅಲ್ಲ ಟೀಚರಮ್ಮ, ಇಷ್ಟು ಹಚ್ಚಿಕೊಂಡು ಆಮೇಲೆ ಕೊಟ್ಟುಬಿಡ್ತೀರಲ್ಲ, ಪಾಪ ಅದಕ್ಕೆ ಏನನ್ನಿಸಲ್ಲ?” ಟೀಚರಮ್ಮ ನಕ್ಕು ಸುಮ್ಮನಾದರು. ಬೇಲಿಯ ಈಚೆ ಪತ್ರಿಕೆ ಹಿಡಿದು ಕುಳಿತಿದ್ದ ನನಗೆ ಮಾತ್ರ ಆ ಪ್ರಶ್ನೆ ನಗುವಂಥದ್ದಾಗಿ ಕಾಣಲಿಲ್ಲ.

ಮರಿಯ ವಿಷಯ ಸ್ವಲ್ಪ ಹೇಳಬೇಕು. ಐದು ತಿಂಗಳಿನದು, ಹೆಣ್ಣು. ವರ್ತುಲ ರಸ್ತೆಯ ಬದಿಯಲ್ಲಿ ಯಾರೋ ಕಟ್ಟಿ ಹೋಗಿದ್ದರಂತೆ. ಅರ್ಧ ಅಲ್ಸೇಷಿಯನ್, ಉಳಿದರ್ಧ ಏನೆಂದು ಪಶುವೈದ್ಯರೂ ಹೇಳಲಿಲ್ಲ. ಬೀದಿಯ ಮಕ್ಕಳು ಬೊಮ್ಮಿ ಎಂದು ಕರೆದರು. ಅಲ್ಸೇಷಿಯನ್ ಎಂದರೆ ಬಂಗಲೆಯ ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಎಂಬ ಹಲಗೆಯ ಜೊತೆಗೆ ಬರುವ ಪ್ರಾಣಿ ಎಂದು ನಮ್ಮ ಭಾವನೆ. ಅದು ಹುಟ್ಟಿನಿಂದ ಕುರಿ ಕಾಯುವ ನಾಯಿ. ೧೮೯೯ರಲ್ಲಿ ಜರ್ಮನಿಯಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೈನ್ಯಾಧಿಕಾರಿ ಈ ತಳಿಗೊಂದು ಸಂಘ ಕಟ್ಟಿದಾಗ ಅವನ ಮುಂದಿದ್ದದ್ದು ಕುರಿಹಟ್ಟಿಯ ನಾಯಿಯೇ. ಅಲ್ಲಿ ಬೇಲಿಯಿಲ್ಲದ ಹೊಲಗಳ ನಡುವೆ ಮಂದೆ ಮೇಯುವಾಗ, ಪೈರಿನ ಅಂಚಿನ ಉದ್ದಕ್ಕೂ ಹಗಲೆಲ್ಲ ಹಿಂದಕ್ಕೂ ಮುಂದಕ್ಕೂ ಓಡುತ್ತ, ತಾನೇ ಒಂದು ನಡೆದಾಡುವ ಬೇಲಿಯಾಗಿರುವುದು ಅದರ ಕೆಲಸ. ನಮ್ಮ ಕುರುಬರ ನಾಯಿಯ ಕೆಲಸ ಬೇರೆ. ಅದು ಮಂದೆಯನ್ನು ತಿರುಗಿಸುವುದಕ್ಕಿಂತ ರಾತ್ರಿ ತೋಳದಿಂದ ಕಾಯುವುದಕ್ಕೆ ಇರುವುದು.

ಸರಸ್ವತೀಪುರದಲ್ಲಿ ಕುರಿಯೆಲ್ಲಿ, ಪೈರೆಲ್ಲಿ? ಆದರೂ ಬೊಮ್ಮಿ ಬಂದ ಎರಡನೆಯ ವಾರಕ್ಕೇ ಕಾಂಪೌಂಡಿನ ಒಳಗೋಡೆಯ ಉದ್ದಕ್ಕೂ ಓಡಿ ಓಡಿ, ದಾಸವಾಳದ ಪಾತಿಯಲ್ಲಿ ಒಂದು ಕಾಲುದಾರಿಯನ್ನೇ ಮಾಡಿತು. ಯಾರೂ ಕಲಿಸಲಿಲ್ಲ. ಓಡುವ ಮಗುವಿನ ಹಿಮ್ಮಡಿಯನ್ನು ಮೆಲ್ಲಗೆ ಹಲ್ಲಿನಿಂದ ಮುಟ್ಟುವುದು, ಸೈಕಲ್ಲಿನ ಚಕ್ರವನ್ನು ದಿಟ್ಟಿಸಿ ಹೊಂಚುವುದು—ಇವೂ ಹಾಗೆಯೇ. ಬಲ್ಲವರು ಹೇಳುವ ಒಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಕಚ್ಚುವುದು, ಕೊಲ್ಲುವುದು—ಇವು ತೋಳದ ಬೇಟೆಯ ಮೆಟ್ಟಲುಗಳು. ಮನುಷ್ಯ ನೂರಾರು ತಲೆಮಾರು ಆರಿಸಿ ಆರಿಸಿ ಕೊನೆಯ ಮೆಟ್ಟಲನ್ನು ತೆಗೆದು, ಮೊದಲಿನವನ್ನು ಉಳಿಸಿಕೊಂಡ. ಅದೇ ಕುರಿನಾಯಿ. ಅಂದರೆ ಈ ಪ್ರಾಣಿಯ ಚಡಪಡಿಕೆಯನ್ನು ಮಾಡಿದವರು ನಾವು. ಮಾಡಿಯಾದ ಮೇಲೆ ಕೆಲಸ ಕಿತ್ತುಕೊಂಡು, ಚಂದಕ್ಕೆಂದು ಮಾರಿ ಕೊಂಡು, ಚಡಪಡಿಸುತ್ತದೆಂದು ರಸ್ತೆಯಲ್ಲಿ ಕಟ್ಟಿಹೋದವರೂ ನಾವೇ. ಹೀಗಿರುವಾಗ ಬೊಮ್ಮಿಯನ್ನು ಸಾಕುವುದು ದಯೆ ಎನ್ನುವುದಕ್ಕೆ ನನಗೆ ಮನಸ್ಸು ಬಾರದು. ಸಾಲ ತೀರಿಸುವುದಕ್ಕೆ ದಯೆಯೆಂದು ಹೆಸರಿಡುವವರುಂಟೆ?

ಟೀಚರಮ್ಮ ಸಾಲವನ್ನು ತೀರಿಸಿದ ಬಗೆ ನೋಡುವಂತಿತ್ತು. ಹೊಡೆಯಲಿಲ್ಲ. ಹಿಮ್ಮಡಿ ಹಿಡಿಯುವ ಮರಿಗೆ ಚೆಂಡು ಕೊಟ್ಟರು. ಮುದ್ದೆಯ ಚೂರುಗಳನ್ನು ಹಿತ್ತಿಲಲ್ಲಿ ಬಚ್ಚಿಟ್ಟು ಮೂಸಿ ಹುಡುಕಲು ಬಿಟ್ಟರು. ಕುಕ್ಕರಿನ ಶಿಳ್ಳೆಗೆ, ಆಟೋ ಸದ್ದಿಗೆ, ಗಣಪತಿ ಮೆರವಣಿಗೆಯ ತಮಟೆಗೆ ಒಂದೊಂದಾಗಿ ಒಗ್ಗಿಸಿದರು. ಚುಚ್ಚುಮದ್ದು ಹಾಕಿಸಿದರು. ಇಷ್ಟೆಲ್ಲ ಯಾರಾದರೂ ಮಾಡುವುದೇ. ನಾನು ಬೆರಗಾದದ್ದು ಮುಂದಿನದಕ್ಕೆ. ಮರಿ ತಮ್ಮ ದನಿಗೆ ಮಾತ್ರ ಓಡಿಬರುವುದೆಂದು ಕಂಡೊಡನೆ ಅವರು ಕರೆಯುವ ಕೆಲಸವನ್ನು ಬೇರೆಯವರಿಗೆ ಕೊಟ್ಟರು: ಒಂದು ದಿನ ನಾನು, ಒಂದು ದಿನ ಹಾಲಿನಾಕೆ, ಒಂದು ದಿನ ಮೇಲಿನ ಮನೆಯ ಹುಡುಗ. ಊಟ ಹಾಕುವುದೂ ಹೀಗೆಯೇ. ಕೋಣೆಯ ಬಾಗಿಲು ಹಾಕಿ ಮೊದಲು ಎರಡು ನಿಮಿಷ, ಆಮೇಲೆ ಹತ್ತು, ಆಮೇಲೆ ಒಂದು ಗಂಟೆ ಒಂಟಿಯಾಗಿ ಬಿಟ್ಟರು. ತಮ್ಮನ್ನು ಬಿಟ್ಟಿರುವುದನ್ನು ತಾವೇ ಕಲಿಸಿದರು. ಸಾಕುವವರೆಲ್ಲ ತಾವಿಲ್ಲದೆ ನಡೆಯದಂತೆ ಸಾಕುತ್ತಾರೆ. ತಾಯಂದಿರೂ ಅಷ್ಟೆ, ರಾಜಕಾರಣಿಗಳೂ ಅಷ್ಟೆ. ತಾನು ಬೇಡವಾಗುವಂತೆ ಸಾಕುವುದು ಬೇರೆಯೇ ಜಾತಿಯ ಕೆಲಸ.

ಮೋಹದ ಮಾತು ಬಂದಾಗಲೆಲ್ಲ ನಮ್ಮವರು ಜಡಭರತನ ಕಥೆ ಹೇಳುತ್ತಾರೆ. ರಾಜ್ಯವನ್ನೇ ಬಿಟ್ಟ ಭರತ ಹೊಳೆಯಲ್ಲಿ ಬಿದ್ದ ಜಿಂಕೆಮರಿಯನ್ನು ಬಿಡಲಾರದೆ, ಅದನ್ನೇ ನೆನೆದು ಸತ್ತು, ಜಿಂಕೆಯಾಗಿ ಹುಟ್ಟಿದ. ಆದ್ದರಿಂದ ಮರಿ ಸಾಕಬೇಡಿ ಎಂದು ಅರ್ಥ ಮಾಡುವವರಿದ್ದಾರೆ. ಭಾಗವತ ಹಾಗೆಂದು ಹೇಳುತ್ತದೆಂದು ನನಗೆ ತೋರದು. ಮರಿಯನ್ನು ನೀರಿನಿಂದ ಎತ್ತಿದ್ದು ತಪ್ಪಲ್ಲ. ಸುತ್ತಲೂ ಕಾಡು, ಕಾಡಿನಲ್ಲಿ ಜಿಂಕೆಯ ಹಿಂಡು ಇದ್ದಾಗ, ಅದು ಕಣ್ಮರೆಯಾದರೆ ಕಳವಳಪಡುತ್ತ ಕುಳಿತನೇ ಹೊರತು ಅದನ್ನು ಹಿಂಡಿಗೆ ಒಗ್ಗಿಸುವ ಯೋಚನೆ ಅವನಿಗೆ ಬರಲಿಲ್ಲ. ಅವನಿಗಿಂತ ಕಣ್ವ ಮೇಲು. ಹಕ್ಕಿಗಳು ಕಾದ ಕೂಸನ್ನು ಎತ್ತಿ ತಂದು ಬೆಳೆಸಿ ಗಂಡನ ಮನೆಗೆ ಕಳಿಸಿದ; ಋಷಿಯಾಗಿಯೂ ಕಣ್ಣೀರು ಹಾಕಿದ, ಆದರೆ ಕಳಿಸಿದ. ಚಾಮರಾಜೇಂದ್ರರ ಆಸ್ಥಾನದಲ್ಲಿದ್ದ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದ ಕಾಲದಿಂದ ಮೈಸೂರಿನ ಪ್ರೇಕ್ಷಕರು ಆ ನಾಲ್ಕನೆಯ ಅಂಕಕ್ಕೆ ಅತ್ತಿದ್ದಾರೆ. ಕಣ್ವನ ಮನಸ್ಸಿಗೆ ಒಪ್ಪಿದ ಹೋಲಿಕೆ ನ್ಯಾಸದ್ದು: ಇನ್ನೊಬ್ಬರ ಒಡವೆ ನಮ್ಮಲ್ಲಿತ್ತು, ಹಿಂದಿರುಗಿಸಿದೆವು.

ಹೋಲಿಕೆ ಚೆನ್ನಾಗಿದೆ, ಆದರೆ ಹಾಲಿನಾಕೆಯ ಪ್ರಶ್ನೆಗೆ ಅದು ಉತ್ತರವಾಗದು. ಒಡವೆಗೆ ಇಟ್ಟುಕೊಂಡವನ ಮೇಲೆ ಪ್ರೀತಿ ಹುಟ್ಟುವುದಿಲ್ಲ. ಶಕುಂತಲೆಗೆ ತಾನು ಎಲ್ಲಿಗೆ, ಏಕೆ ಹೋಗುತ್ತಿದ್ದೇನೆಂದು ತಿಳಿದಿತ್ತು. ನಾಯಿಗೆ ಹೇಳುವ ಬಗೆ ಇಲ್ಲ. ಇಲ್ಲಿ ಎದುರು ಬಂದು ನಿಲ್ಲುವವನು ಧರ್ಮರಾಯ. ನಂಬಿ ಹಿಂದೆ ಬಂದ ನಾಯಿಯನ್ನು ಬಿಡಲಾರೆನೆಂದು ಇಂದ್ರನ ರಥವನ್ನೇ ಅವನು ನಿರಾಕರಿಸಿದ. ನಂಬಿದವರನ್ನು ಬಿಡುವುದು ಪಾಪವಾದರೆ, ನಂಬಿಕೆಯನ್ನು ಕಲಿಸಿ ಬಿಡುವುದು ಇನ್ನೆಷ್ಟು ಪಾಪ? (ಆ ನಾಯಿ ಕೊನೆಗೆ ಯಮಧರ್ಮನೇ ಆಗಿ ನಿಂತದ್ದು ನನಗೇನೂ ಮೆಚ್ಚಿಗೆಯಲ್ಲ. ನಾಯಿ ನಾಯಿಯಾಗಿಯೇ ಉಳಿದಿದ್ದರೆ ಧರ್ಮರಾಯನ ಮಾತಿನ ತೂಕ ಹೆಚ್ಚುತ್ತಿತ್ತು.)

ನನಗೆ ತೋಚಿದ ಸಮಾಧಾನ ಇಷ್ಟು. ಧರ್ಮರಾಯ ನಾಯಿಯನ್ನು ಬಿಟ್ಟಿದ್ದರೆ ಸಿಗುತ್ತಿದ್ದ ಸ್ವರ್ಗ ಅವನಿಗೆ, ನಾಯಿಗಲ್ಲ. ಅಗಲಿಕೆಯಿಂದ ಲಾಭ ಯಾರಿಗೆ ಎಂದು ಕೇಳಬೇಕು. ಬಿಡುವವನಿಗಾದರೆ ಅದು ತ್ಯಜಿಸುವುದು. ಬಿಡಲ್ಪಟ್ಟದ್ದಕ್ಕಾದರೆ ಅದು ಕೊಡುವುದು. ಹೇಳುವುದು ಸುಲಭ. ‘ನಿನ್ನ ಒಳ್ಳೆಯದಕ್ಕೇ’ ಎಂಬುದು ಲೋಕದ ಅತ್ಯಂತ ಹಳೆಯ ಸುಳ್ಳುಗಳಲ್ಲಿ ಒಂದು. ವರ್ತುಲ ರಸ್ತೆಯಲ್ಲಿ ಕಟ್ಟಿಹೋದವನೂ ‘ಯಾರಾದರೂ ಒಳ್ಳೆಯವರು ಎತ್ತಿಕೊಂಡು ಹೋಗಲಿ’ ಎಂದೇ ಅಂದುಕೊಂಡಿದ್ದಾನು. ಅವನಿಗೂ ಟೀಚರಮ್ಮನಿಗೂ ಇರುವ ಅಂತರ ಮನಸ್ಸಿನ ಮಾತಿನಲ್ಲಿ ಕಾಣದು, ಮಾಡಿದ ಕೆಲಸದಲ್ಲಿ ಕಾಣುತ್ತದೆ.

ಆ ಕೆಲಸದ ಕೊನೆಯ ಭಾಗವೇ ಕಷ್ಟದ್ದು. ಇಬ್ಬರು ಬಂದರು. ಒಬ್ಬರಿಗೆ ದೊಡ್ಡ ಬಂಗಲೆ, ವಿಶಾಲವಾದ ಕಾಂಪೌಂಡು. “ಹಗಲು ಕಟ್ಟಿಹಾಕ್ತೀವಿ, ರಾತ್ರಿ ಬಿಡ್ತೀವಿ, ಮಾಂಸ ದಿನಾ ಹಾಕ್ತೀವಿ” ಎಂದರು. ಇನ್ನೊಬ್ಬರದು ಬಾಡಿಗೆ ಮನೆ, ಎರಡೇ ಕೋಣೆ. ಆದರೆ ಅಪ್ಪ ಮಗಳು ಇಬ್ಬರೂ ಬೆಳಿಗ್ಗೆ ಐದಕ್ಕೆ ಎದ್ದು ಬೆಟ್ಟದ ಪಾದದವರೆಗೆ ನಡೆಯುವವರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯ ನಾಡಿನಲ್ಲಿ ಟೀಚರಮ್ಮ ಇಬ್ಬರಿಗೂ ಮೊದಲು ಹೇಳಿದ್ದು ಮರಿಯ ದೋಷಗಳನ್ನು: ಸೈಕಲ್ ಅಟ್ಟುತ್ತದೆ, ಪಟಾಕಿಗೆ ಮಂಚದಡಿ ಸೇರುತ್ತದೆ, ಕೆಲಸವಿಲ್ಲದಿದ್ದರೆ ಚಪ್ಪಲಿ ಹರಿಯುತ್ತದೆ. ಬಂಗಲೆಯವರಿಗೆ ಇಲ್ಲವೆಂದರು. ಅವರು ಸಿಟ್ಟಾಗಿ “ನಾಯಿ ನಿಮ್ಮದೇನಲ್ಲವಲ್ಲ, ಇಲ್ಲ ಅನ್ನೋಕೆ ನೀವ್ಯಾರು?” ಎಂದು ಕೇಳಿದರು. ಮಾತು ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ನನ್ನ ಎಣಿಕೆಯಲ್ಲಿ ಅದು ತಿರುಗುಮುರುಗು. ತನ್ನ ಸ್ವತ್ತನ್ನು ಹೇಗೋ ಕೊಟ್ಟು ಕೆಟ್ಟವನನ್ನು ಲೋಕ ಕ್ಷಮಿಸೀತು. ಇನ್ನೊಬ್ಬರ ಪರವಾಗಿ ಕಾಯುತ್ತಿರುವವನಿಗೆ ಆ ಸ್ವಾತಂತ್ರ್ಯ ಇಲ್ಲ. ತನ್ನದಲ್ಲವಾದ್ದರಿಂದಲೇ ಅವರು ಇಲ್ಲವೆನ್ನಬೇಕಾಗಿತ್ತು. ಬಾಡಿಗೆ ಮನೆಯ ಒಡೆಯರಿಂದ ಒಪ್ಪಿಗೆಯನ್ನು ಕಾಗದದಲ್ಲಿ ಬರೆಯಿಸಿಕೊಂಡು ಬೊಮ್ಮಿಯನ್ನು ಅಪ್ಪ ಮಗಳಿಗೆ ಕೊಟ್ಟರು.

“ಅಷ್ಟು ಯೋಗ್ಯತೆ ನೋಡುವುದಾದರೆ ನೀವೇ ಇಟ್ಟುಕೊಳ್ಳಬಹುದಿತ್ತಲ್ಲ?” ಎಂದು ನಾನು ಕೇಳಿದೆ. “ನನಗೆ ಅರುವತ್ತೆಂಟು. ಇದು ಇನ್ನೂ ಹತ್ತು ಹನ್ನೆರಡು ವರ್ಷ ಓಡೋ ಪ್ರಾಣಿ. ಅದೂ ಅಲ್ದೆ ಇದು ಇಲ್ಲೇ ಇದ್ರೆ ಇನ್ನೊಂದಕ್ಕೆ ಜಾಗ ಎಲ್ಲಿ ಸ್ವಾಮಿ?” ಎಂದರು. ಮೊದಲನೆಯ ಕಾರಣವನ್ನು ನಾನು ಒಪ್ಪಿದೆ. ಎರಡನೆಯದು ನನ್ನನ್ನು ಇನ್ನೂ ಕಾಡುತ್ತಿದೆ. ಕಾಲಬಳಿ ಮಲಗಿರುವ ಮರಿಯನ್ನೂ ಇನ್ನೂ ಕಾಣದ ಮರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಲೆಕ್ಕಕ್ಕೆ ಸರಿ, ಮನಸ್ಸಿಗೆ ಅಲ್ಲ. ಹಾಗೆ ತೂಗಬಲ್ಲವರ ಬಗ್ಗೆ ನನಗೆ ಗೌರವವಿದೆ. ತುಸು ಭಯವೂ ಇದೆ.

ನಾಯಿ ಕೈಬದಲಾಗುವುದು ಈ ಸೀಮೆಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಸುಮಾರು ೯೫೦ನೆಯ ಇಸವಿಯದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ, ಬೇಕಾದ್ದನ್ನು ಕೇಳೆಂದು ದೊರೆ ಮೆಚ್ಚಿ ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು, ಅದರ ನೆನಪಿಗೆ ಕಲ್ಲು ನಿಂತಿತು. ಪಡೆದವನ ಹೆಸರು ಕಲ್ಲಿನಲ್ಲಿದೆ, ನಾಯಿಯ ಹೆಸರಿದೆ. ಅದನ್ನು ಮರಿಯಿಂದ ಸಾಕಿ, ಕರೆದರೆ ಬರುವುದನ್ನು ಕಲಿಸಿದವನು ಅರಮನೆಯ ಯಾವನೋ ಆಳಿದ್ದಿರಬೇಕು. ಕೊಟ್ಟ ದಿನ ಅವನು ಏನು ಮಾಡಿದನೆಂದು ಯಾರೂ ಬರೆದಿಡಲಿಲ್ಲ.

ಬೊಮ್ಮಿಗೆ ಹೊಸ ಮನೆಯಲ್ಲಿ ಬೇರೆ ಹೆಸರಿಟ್ಟಿದ್ದಾರೆ. ಮೊದಲೆರಡು ದಿನ ಊಟ ಬಿಟ್ಟಿತಂತೆ, ಮೂರನೆಯ ದಿನ ತಿಂದಿತಂತೆ. ಹೋಗಿ ನೋಡಿ ಬನ್ನಿ ಎಂದು ಬೀದಿಯವರೆಲ್ಲ ಹೇಳಿದರು; ನಾನೂ ಹೇಳಿದೆ. ನಾಯಿ ಮರೆಯುವ ಪ್ರಾಣಿಯಲ್ಲ, ಕಂಡರೆ ಸಂತೋಷಪಡುತ್ತದೆ ಎಂದು ವಾದಿಸಿದೆ. ಟೀಚರಮ್ಮ ಒಪ್ಪಲಿಲ್ಲ. “ನೋಡಿದ್ರೆ ಸಂತೋಷ ನನಗೆ. ನಾನು ಎದ್ದು ಬಂದಮೇಲೆ ಬಾಗಿಲು ಕಾಯೋದು ಅದು. ಆರು ತಿಂಗಳು ಕಳೀಲಿ” ಎಂದರು. ದಾಸವಾಳದ ಪಾತಿಯಲ್ಲಿ ಗಿಡ ನೆಡಿಸೋಣವೆ ಎಂದು ಮಾಲಿ ಕೇಳಿದ್ದಕ್ಕೆ, ಈಗ ಬೇಡ, ಇನ್ನೊಂದು ಮರಿಗೆ ಹೇಳಿಕಳಿಸಿದ್ದಾರೆ, ದೀಪಾವಳಿ ಪಟಾಕಿ ಮುಗಿದಮೇಲೆ ಬರುತ್ತದೆ ಎಂದರು.