ಯಾರನ್ನು ಮೊದಲು ಎತ್ತಬೇಕು?

ದಾರಿಯ ಬದಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ಕನಿಕರಪಟ್ಟ ಸಮಾರಿಯದವನ ಸಾಮತಿಯನ್ನು ನೀವೆಲ್ಲರೂ ಬಲ್ಲಿರಿ. ಅಲ್ಲಿ ಬಿದ್ದಿದ್ದವನು ಒಬ್ಬನೇ. ಆದುದರಿಂದ ಪ್ರಶ್ನೆಯೂ ಒಂದೇ: ನಿಲ್ಲುವುದೋ, ದಾಟಿ ಹೋಗುವುದೋ? ಅದೇ ದಾರಿಯಲ್ಲಿ ನೂರು ಮಂದಿ ಬಿದ್ದಿದ್ದು, ನೆರವಿಗೆ ಬಂದವನು ಒಬ್ಬನೇ ಆಗಿದ್ದರೆ? ಆಗ ಒಬ್ಬನ ಬಳಿ ನಿಲ್ಲುವುದೆಂದರೆ ಉಳಿದವರನ್ನು ದಾಟಿ ಹೋಗುವುದೇ ಆಗುತ್ತದೆ. ವಿಪತ್ತಿನ ವೇಳೆಯ ವೈದ್ಯಕೀಯ ಸೇವೆಯನ್ನು ವೃತ್ತಿಯಾಗಿ ಆರಿಸಿಕೊಂಡವರು ಎದುರಿಸಬೇಕಾದ ಪ್ರಶ್ನೆ ಇದು.

ಇದಕ್ಕೆ ಕ್ರಮಬದ್ಧವಾದ ಉತ್ತರ ಹುಡುಕಿದವರಲ್ಲಿ ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆ (1766–1842) ಪ್ರಮುಖರು. ಗಾಯಾಳುವಿನ ಪದವಿಯನ್ನಾಗಲಿ ದೇಶವನ್ನಾಗಲಿ ನೋಡದೆ, ಗಾಯದ ತೀವ್ರತೆಯನ್ನು ಮಾತ್ರ ನೋಡಿ ಚಿಕಿತ್ಸೆ ನೀಡಬೇಕೆಂಬುದು ಅವರ ನಿಯಮವಾಗಿತ್ತು. ಇಂದು ಇದೇ ವಿಂಗಡಣೆಯನ್ನು ಬಣ್ಣದ ಪಟ್ಟಿಗಳ ಮೂಲಕ ಮಾಡುತ್ತಾರೆ. ತಕ್ಷಣ ನೆರವು ಬೇಕಾದವರಿಗೆ ಕೆಂಪು, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ನಡೆದಾಡಬಲ್ಲವರಿಗೆ ಹಸಿರು; ಉಸಿರಿನ ದಾರಿಯನ್ನು ತೆರವು ಮಾಡಿದರೂ ಉಸಿರಾಡದವರಿಗೆ ಕಪ್ಪು. ಸಾಮಾನ್ಯ ದಿನಗಳಲ್ಲಿ ಆಸ್ಪತ್ರೆಯು ತನ್ನ ಸರ್ವಶಕ್ತಿಯನ್ನೂ ವಿನಿಯೋಗಿಸುವುದು ಇಂತಹವನಿಗಾಗಿಯೇ. ವಿಪತ್ತಿನ ದಿನ ಅದೇ ವೈದ್ಯರು ಅವನನ್ನು ದಾಟಿ ಮುಂದಿನವನ ಬಳಿಗೆ ಹೋಗಬೇಕಾಗುತ್ತದೆ.

ಇದು ಅನ್ಯಾಯವಲ್ಲವೇ? ಎಲ್ಲ ಜೀವಗಳೂ ಸಮಾನವೆಂಬ ನಂಬಿಕೆಗೆ ಇದು ಚ್ಯುತಿ ತರುವುದಿಲ್ಲವೇ? ಆಲೋಚಿಸಿ ನೋಡಿದರೆ, ವಿಂಗಡಣೆಯು ಜೀವಗಳಿಗೆ ಬೆಲೆ ಕಟ್ಟುವುದಿಲ್ಲ. ಇರುವ ಎರಡು ಕೈಗಳು ಎಲ್ಲಿ ಫಲ ನೀಡಬಲ್ಲವು ಎಂದಷ್ಟೇ ಕೇಳುತ್ತದೆ. ಆದರೆ ಈ ಸಮರ್ಥನೆ ನಿಲ್ಲಬೇಕಾದರೆ ಮೂರು ನಿಬಂಧನೆಗಳಿವೆ. ಅಳತೆಗೋಲು ಎಲ್ಲರಿಗೂ ಒಂದೇ ಆಗಿರಬೇಕು. ಪರಿಸ್ಥಿತಿ ಸುಧಾರಿಸಿದೊಡನೆ ಪ್ರತಿಯೊಬ್ಬರನ್ನೂ ಮತ್ತೆ ಪರಿಶೀಲಿಸಬೇಕು. ಉಳಿಸಲಾಗದವರ ನೋವನ್ನಾದರೂ ತಣಿಸಬೇಕು, ಅವರನ್ನು ಕೈಬಿಡಬಾರದು.

ಈ ನಿಬಂಧನೆಗಳು ಸಡಿಲವಾದರೆ ಏನಾಗುವುದೆಂಬುದಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಮೆಮೋರಿಯಲ್ ಮೆಡಿಕಲ್ ಸೆಂಟರ್ ಸಾಕ್ಷಿಯಾಗಿದೆ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿದಾಗ ಆಸ್ಪತ್ರೆ ಅದನ್ನು ತಾಳಿಕೊಂಡಿತು. ಆದರೆ ನಗರವನ್ನು ಕಾಯುತ್ತಿದ್ದ ಒಡ್ಡುಗಳು ಒಡೆದು ನೀರು ಏರಿತು, ಜನರೇಟರುಗಳು ನಿಂತುಹೋದವು. ಕತ್ತಲು, ಸೆಕೆ, ದಣಿವುಗಳ ನಡುವೆ ವೈದ್ಯರು ಸಾಗಣೆಯ ಸರದಿಯನ್ನು ನಿಶ್ಚಯಿಸಿದರು. ಹೃದಯ ನಿಂತರೆ ಮತ್ತೆ ಚಾಲನೆ ನೀಡುವುದು ಬೇಡವೆಂದು ದಾಖಲಾಗಿದ್ದ ರೋಗಿಗಳನ್ನು ಕಡೆಯಲ್ಲಿ ಸಾಗಿಸಬೇಕೆಂದು ತೀರ್ಮಾನವಾಯಿತು. ಆ ದಾಖಲೆಯ ಅರ್ಥವಾದರೂ ಏನು? ತನ್ನ ಹೃದಯ ನಿಂತ ಮೇಲೆ ಏನು ಮಾಡಬಾರದೆಂದು ರೋಗಿ ಹೇಳಿದ್ದನೇ ಹೊರತು, ನೆರೆ ಬಂದಾಗ ನನ್ನನ್ನು ಕಡೆಗೆ ಬಿಡಿರೆಂದು ಹೇಳಿರಲಿಲ್ಲ. ನೀರು ಇಳಿದ ಮೇಲೆ ಆ ಕಟ್ಟಡದಲ್ಲಿ 45 ಶವಗಳು ದೊರೆತವು.

ಆ ವೈದ್ಯರನ್ನು ದೂಷಿಸುವುದು ಸುಲಭ. ಆದರೆ ಅಂತಹ ಆಯ್ಕೆ ಅವರ ಪಾಲಿಗೆ ಏಕೆ ಬಂದಿತು? ತುರ್ತು ವಿದ್ಯುತ್ತಿಗೆ ಬೇಕಾದ ಕೆಲವು ಉಪಕರಣಗಳು ಕೆಳಮಟ್ಟದಲ್ಲಿದ್ದವು. ನೆರೆ ಬಂದರೆ ಅವು ಕೆಡುವುವೆಂಬುದು ಮೊದಲೇ ತಿಳಿದಿತ್ತು. ಅವನ್ನು ಮೇಲಕ್ಕೆ ಸ್ಥಳಾಂತರಿಸುವ ಖರ್ಚನ್ನು ಮುಂದೂಡಿದ ದಿನ ಯಾರ ಆತ್ಮಸಾಕ್ಷಿಯೂ ಚುಚ್ಚಿರಲಾರದು. ಅದು ಕೇವಲ ಲೆಕ್ಕಪತ್ರದ ವಿಷಯವೆಂದು ತೋರಿರಬೇಕು. ಆದರೆ ನೈತಿಕ ನಿರ್ಧಾರ ನಡೆದುಹೋದದ್ದು ಆ ದಿನವೇ.

ವಿಪತ್ತು ನಿರ್ವಹಣೆ ಎಂಬ ವೃತ್ತಿಯ ಹಿರಿಮೆ ಇಲ್ಲಿದೆ. ಆಮ್ಲಜನಕದ ದಾಸ್ತಾನನ್ನು ಎಣಿಸುವುದು, ಮೆಟ್ಟಿಲುಗಳಿಂದ ರೋಗಿಯನ್ನು ಇಳಿಸುವ ಅಣಕು ಅಭ್ಯಾಸ ನಡೆಸುವುದು, ದೂರವಾಣಿ ಕೆಟ್ಟರೆ ಸುದ್ದಿ ಮುಟ್ಟಿಸುವ ಬಗೆಯನ್ನು ಬರೆದಿಡುವುದು — ಇದು ಅವರ ದಿನಚರಿ. ಅವರ ಕೆಲಸ ಯಶಸ್ವಿಯಾದರೆ ಏನೂ ಸಂಭವಿಸುವುದಿಲ್ಲ. ಸಂಭವಿಸದ ದುರಂತಕ್ಕೆ ಯಾರೂ ಹಾರ ಹಾಕುವುದಿಲ್ಲ. ನಾವು ಧೈರ್ಯವನ್ನು ಹೊಗಳುತ್ತೇವೆ, ಮುಂದಾಲೋಚನೆಯನ್ನು ಮರೆಯುತ್ತೇವೆ. ಆದರೆ ವಿವೇಕ ಸೋತ ಕಡೆಯಲ್ಲಿಯೇ ಧೈರ್ಯಕ್ಕೆ ಅಷ್ಟೊಂದು ಕೆಲಸ ಬೀಳುವುದು.

ಭಾರತದಲ್ಲಿ ವಿಪತ್ತು ನಿರ್ವಹಣಾ ಕಾಯಿದೆ 2005ರಲ್ಲಿ ಬಂದಿತು. ಆಸ್ಪತ್ರೆಗಳ ಸುರಕ್ಷತೆಗಾಗಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. ಕಾಗದದ ಮೇಲಿನ ನಿಯಮಕ್ಕೆ ಜೀವ ತುಂಬಬೇಕಾದವರು ಮಾತ್ರ ಜನರೇ. ನಿಮ್ಮೂರಿನ ಆಸ್ಪತ್ರೆಗೆ ಹೋದಾಗ ಹಾಸಿಗೆಗಳೆಷ್ಟು, ತಜ್ಞರು ಯಾರು ಎಂದು ವಿಚಾರಿಸುತ್ತೀರಿ. ನೀರು ನುಗ್ಗಿದರೆ, ಬೆಂಕಿ ಬಿದ್ದರೆ ಎದ್ದು ನಡೆಯಲಾರದವರನ್ನು ಹೊರಗೆ ತರುವ ಬಗೆ ಹೇಗೆಂದು ಇನ್ನು ಮುಂದೆ ಅದನ್ನೂ ಕೇಳಿರಿ. ಹಾಗೆ ಕೇಳುವುದು ಮುಂದೆ ಬೀಳಬಹುದಾದ ನೆರೆಯವನಿಗೆ ನಾವು ಇಂದೇ ಚಾಚಬಹುದಾದ ಕೈ.