ಯಾರನ್ನು ಕೇಳಿ ನಿರ್ಧರಿಸಬೇಕು?

ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣವು ತಜ್ಞರ ವಿಷಯ, ಊರವರು ಅದರಲ್ಲಿ ಕೈಹಾಕಬಾರದು ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರ ತರಬೇತಿಯೊಂದರಲ್ಲಿ ನಮಗೆ ಇದನ್ನೇ ಹೇಳಿದರು: "ನೀವು ಬಿಸಿಯೂಟ, ಕಂಪೌಂಡ್ ನೋಡ್ಕೋರಿ. ಆ ಮಕ್ಕಳ ವಿಚಾರಕ್ಕ ಕಲಿತವರು ಅದಾರ." ಹೇಳಿದವರಿಗೆ ಮಕ್ಕಳ ಮೇಲೆ ನಿಜವಾದ ಕಾಳಜಿ ಇತ್ತು. ಹಾಗಾಗಿಯೇ ಆ ಮಾತಿಗೆ ಸರಿಯಾದ ಉತ್ತರ ಕೊಡಬೇಕು.

ನವಿಲುತೀರ್ಥದ ಸುತ್ತಮುತ್ತ ಬದುಕುವ ನಮಗೆ ತಜ್ಞರ ಶಕ್ತಿ ಏನೆಂದು ಗೊತ್ತು. ಎರಡು ಗುಡ್ಡಗಳ ಸಂದಿನಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದವರು ಅವರು. ಇಲ್ಲಿಂದ ಹೊರಟ ಕಾಲುವೆ ನರಗುಂದ, ನವಲಗುಂದದ ಎರೆಹೊಲಗಳನ್ನು ಮುಟ್ಟಿತು. ನೀರು ಬಂದರೆ ಜಮೀನಿನ ಬೆಲೆ ಏರುತ್ತದೆ, ಏರಿದ ಬೆಲೆಗೆ ರೈತ ಅಭಿವೃದ್ಧಿ ಕರ ಕಟ್ಟಬೇಕು ಎಂದು ಲೆಕ್ಕ ಹಾಕಿದವರೂ ಕಲಿತವರೇ. 1980ರ ಜುಲೈನಲ್ಲಿ ಆ ಲೆಕ್ಕದ ವಿರುದ್ಧ ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು, ಜೀವಗಳು ಹೋದವು. ಕಾಗದದ ಮೇಲೆ ಲೆಕ್ಕ ತಪ್ಪಿರಲಿಲ್ಲ. ಹೊಲದ ಬದುವಿನ ಮೇಲೆ ನಿಂತವನನ್ನು ಯಾರೂ ಕೇಳಿರಲಿಲ್ಲ.

ಶಾಲೆಯ ವಿಚಾರದಲ್ಲೂ ಹೀಗೇ ಆಗುತ್ತದೆ. ನಮ್ಮ ಕಡೆಯ ಒಂದು ಶಾಲೆಯಲ್ಲಿ ಗಾಲಿಕುರ್ಚಿಗೆಂದು ರ‍್ಯಾಂಪ್ ಕಟ್ಟಿದ್ದಾರೆ. ಕಬ್ಬಿಣದ ಕೈಹಿಡಿ, ಹಳದಿ ಬಣ್ಣ, ಎಲ್ಲ ಎಸ್ಟಿಮೇಟಿನ ಪ್ರಕಾರ. ಅದು ತರಗತಿಯ ಬಾಗಿಲಿಗೆ ಹೋಗುತ್ತದೆ. ಶೌಚಾಲಯಕ್ಕೆ ಮಾತ್ರ ಎರಡು ಎತ್ತರದ ಮೆಟ್ಟಿಲು. ಮಗುವನ್ನು ದಿನವೂ ಎತ್ತಿಕೊಂಡು ಓಡಾಡುವ ಯಾವ ತಾಯಿಯಾದರೂ ಇದನ್ನು ಮೊದಲೇ ಹೇಳುತ್ತಿದ್ದಳು.

ಯಾರನ್ನು ಕೇಳಬೇಕು ಎಂಬುದು ಪ್ರಜಾಪ್ರಭುತ್ವದ ಪ್ರಶ್ನೆ. ಪ್ರಜಾಪ್ರಭುತ್ವ, ಶಿಕ್ಷಣ ಎಂದ ಕೂಡಲೇ ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿಯ ಹೆಸರು ಬರುತ್ತದೆ. ಅಂಬೇಡ್ಕರರ ಗುರು ಎಂಬ ಗೌರವ ನನಗಿದೆ. ಆದರೆ ಆ ಪರಂಪರೆಯ ಬರಹಗಳಲ್ಲಿ ನಮ್ಮ ಊರಿನ ಸಭೆಯ ಬಿಸಿ ನನಗೆ ಕಾಣುವುದಿಲ್ಲ. ನನಗೆ ಎದುರಾಗಿ ನಿಲ್ಲುವವರು ಬ್ರಿಟನ್ನಿನ ತತ್ವಜ್ಞಾನಿ ಮೇರಿ ವಾರ್ನಾಕ್.

ನಾವು ಇಂದು ಬಳಸುವ 'ವಿಶೇಷ ಅಗತ್ಯ' ಎಂಬ ಕಲ್ಪನೆಯನ್ನು ನೀತಿಯ ಮಾತಾಗಿಸಿದ್ದು ಅವರ ಸಮಿತಿಯ 1978ರ ವರದಿ. ಊನದ ಹೆಸರು ಹಿಡಿದು ಮಕ್ಕಳನ್ನು ವಿಂಗಡಿಸಬೇಡಿ, ಕಲಿಯಲು ಯಾವ ನೆರವು ಬೇಕೆಂದು ನೋಡಿ ಎಂದಿತು ಅದು. ಐದರಲ್ಲಿ ಒಂದು ಮಗುವಿಗೆ ಯಾವಾಗಲಾದರೂ ಇಂಥ ನೆರವು ಬೇಕಾದೀತು ಎಂದಿತು. ಪೋಷಕರನ್ನು ಪಾಲುದಾರರೆಂದು ಕರೆದು ಒಂದು ಅಧ್ಯಾಯವನ್ನೇ ಬರೆಯಿತು. ಇದು ದೊಡ್ಡ ಕೆಲಸ, ಒಪ್ಪುತ್ತೇನೆ. 2005ರಲ್ಲಿ ಅದೇ ವಾರ್ನಾಕ್ ತಮ್ಮ ದಾರಿಯನ್ನೇ ಪ್ರಶ್ನಿಸಿದರು: ಎಲ್ಲರನ್ನೂ ಒಂದೇ ಸೂರಿನಡಿ ಕೂರಿಸುವ ಹಟದಿಂದ ಎಷ್ಟೋ ಮಕ್ಕಳಿಗೆ ಹಾನಿಯಾಗಿದೆ, ಮಗು ಎಲ್ಲಿ ಚೆನ್ನಾಗಿ ಕಲಿಯುತ್ತದೋ ಅಲ್ಲಿ ಕಲಿಯಲಿ ಎಂದರು.

ನನ್ನ ತಕರಾರು ಇಲ್ಲಿದೆ. ಎಲ್ಲಿ ಚೆನ್ನಾಗಿ ಕಲಿಯುತ್ತದೆ ಎಂಬುದನ್ನು ಮಗುವನ್ನು ಪರೀಕ್ಷಿಸಿ ಕಂಡುಹಿಡಿಯಬಹುದೆಂದು ಈ ವಾದ ನಂಬುತ್ತದೆ. ಆದರೆ ಅಗತ್ಯ ಮಗುವಿನ ಮೈಯೊಳಗಷ್ಟೇ ಇರುವುದಿಲ್ಲ. ಶೌಚಾಲಯಕ್ಕೆ ಮೆಟ್ಟಿಲಿದ್ದರೆ ಆ ಮಗುವಿಗೆ ಬೇರೆ ಶಾಲೆ ಬೇಕು. ಮೆಟ್ಟಿಲು ಒಡೆದರೆ ಬೇಡ. ಮಗು ಬದಲಾಗಲಿಲ್ಲ, ನಾವು ಖರ್ಚು ಮಾಡಿದೆವು ಅಷ್ಟೆ. ತಜ್ಞರು ಮಗುವನ್ನು ಅಳೆಯುತ್ತೇವೆಂದು ಹೊರಟು ಊರಿನ ಜಿಪುಣತನವನ್ನು ಅಳೆದು, ಅದನ್ನು ಮಗುವಿನ ಹೆಸರಿಗೆ ಬರೆದಿಡುತ್ತಾರೆ. ಶಾಲೆ ಹೇಗಿರಬೇಕು ಎಂಬುದು ಊರು ಕೂಡಿ ನಿರ್ಧರಿಸಬೇಕಾದ ಮಾತು. ಅದು ವೈದ್ಯಕೀಯ ವರದಿಯಲ್ಲಿ ಸಿಗುವುದಿಲ್ಲ.

ಊರು ಕೂಡಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇನೆ. ಅನುದಾನದ ಹಂಚಿಕೆ ಚರ್ಚೆಗೆ ಬಂದಾಗ ಒಬ್ಬರು ಎದ್ದು, "ಒಬ್ಬ ಹುಡುಗನ ಸಲುವಾಗಿ ಅಷ್ಟು ರೊಕ್ಕ ಯಾಕ್ರಿ?" ಎಂದರು. ಸುತ್ತಲೂ ತಲೆಗಳು ಆಡಿದವು. ಕೈ ಎತ್ತಿಸಿದ್ದರೆ ಆ ಹುಡುಗ ಸೋಲುತ್ತಿದ್ದ. ಹಾಗಾಗಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇಂಥ ಕೆಲವು ವಿಷಯಗಳನ್ನು ಬಹುಮತದ ಕೈಯಿಂದ ತಪ್ಪಿಸಿದ್ದು ಸರಿ. ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅವಕಾಶವಂಚಿತ ಮಕ್ಕಳ ಪೋಷಕರಿಗೆ ಪ್ರಮಾಣಾನುಸಾರ ಸ್ಥಾನ ಸಿಗಬೇಕು ಎನ್ನುತ್ತದೆ. 2012ರ ತಿದ್ದುಪಡಿ ವಿಕಲಚೇತನ ಮಕ್ಕಳನ್ನೂ ಆ ವರ್ಗಕ್ಕೆ ಸೇರಿಸಿತು. ಆದರೆ ನೂರು ಮಕ್ಕಳಲ್ಲಿ ಅಂಥವನು ಒಬ್ಬನೇ ಇದ್ದರೆ ಅವನ ಪ್ರಮಾಣಕ್ಕೆ ಒಂದು ಕುರ್ಚಿಯೂ ದಕ್ಕುವುದಿಲ್ಲ. ಎಣಿಕೆಯನ್ನು ಬಿಟ್ಟು, ಪಾಲಿಗೆ ಬರದವರನ್ನೂ ಕರೆದು ಕೂರಿಸಿ ಕೇಳುವುದೇ ಪ್ರಜಾಪ್ರಭುತ್ವ ಎಂದು ನಾನು ವಾದಿಸುತ್ತ ಬಂದೆ.

ಹಾಗೆ ಕೇಳಿದ್ದು ಒಬ್ಬ ಕಿವುಡ ಹುಡುಗನ ತಾಯಿಯನ್ನು. ಶಿಬಿರದಲ್ಲಿ ಕೊಟ್ಟ ಕಿವಿಯ ಮಶೀನು ಸೆಲ್ಲು ಮುಗಿದು ಟ್ರಂಕಿನಲ್ಲಿತ್ತು. ಹುಡುಗ ಹಿಂದಿನ ಸಾಲಿನಲ್ಲಿ ಕೂತು ಫಲಕದ ಮೇಲಿನ ಅಕ್ಷರಗಳನ್ನು ಅಂದವಾಗಿ ನಕಲು ಮಾಡುತ್ತಿದ್ದ, ಒಂದರ ಅರ್ಥವೂ ತಿಳಿಯದೆ. ನಮ್ಮ ಶಾಲೆಯಲ್ಲೇ ಏನು ಅನುಕೂಲ ಬೇಕು ಎಂದು ಕೇಳಿದೆ. ಆಕೆ ಹೇಳಿದ್ದು: "ಸಾಲ್ಯಾಗ ಅಂವ ಕುಂತಿರ್ತಾನ್ರಿ, ಅಷ್ಟ. ಬೆಳಗಾವಿ ಸಾಲ್ಯಾಗ ಅಂವನಂಥಾ ಹುಡುಗ್ರು ಕೈಲೇ ಮಾತಾಡ್ತಾರಂತ. ಜಗಳಾ ಮಾಡಾಕರ ಒಬ್ಬ ದೋಸ್ತ ಬ್ಯಾಡೇನ್ರಿ ಅಂವಗ?"

ವಾರ್ನಾಕ್ 2005ರಲ್ಲಿ ಹೇಳಿದ್ದನ್ನೇ ಈ ತಾಯಿಯೂ ಹೇಳಿದಳು. ನನ್ನ ಮೆಟ್ಟಿಲಿನ ವಾದ ಇಲ್ಲಿ ಕುಂಟುತ್ತದೆ. ಮೆಟ್ಟಿಲನ್ನು ಒಡೆಯಬಹುದು, ಸನ್ನೆ ಭಾಷೆ ಆಡುವ ಗೆಳೆಯರನ್ನು ಒಂದು ಹಳ್ಳಿ ಎಲ್ಲಿಂದ ತಂದೀತು? ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಊರಿಗೊಬ್ಬ ಹುಡುಗನಿರುವ ಕಡೆ ಶಿಕ್ಷಕರು ಊರೂರು ಸುತ್ತಬೇಕಾಗುತ್ತದೆ. ಅವರು ಬಂದುಹೋದ ಮೇಲೆ ಅವನು ಮತ್ತೆ ಒಬ್ಬನೇ.

ಆದರೂ ತಜ್ಞರು ಬರೆದುಕೊಟ್ಟ ನಿರ್ಧಾರಕ್ಕೂ ತಾಯಿ ಹೇಳಿದ ಅದೇ ನಿರ್ಧಾರಕ್ಕೂ ವ್ಯತ್ಯಾಸವಿದೆ ಎಂದೇ ನನಗನ್ನಿಸುತ್ತದೆ. ಆಕೆ ಮನಸ್ಸು ಬದಲಿಸಬಹುದು, ನಮ್ಮನ್ನು ಮತ್ತೆ ಪ್ರಶ್ನಿಸಬಹುದು. ಅಷ್ಟು ಸಾಕೇ? 2016ರ ಕಾಯ್ದೆಯ ಪ್ರಕಾರ ನೆರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಮಗುವಿನದು. ಮಗುವನ್ನು ನಾವಾರೂ ಕೇಳಿರಲಿಲ್ಲ, ಕೇಳುವ ದಾರಿಯೂ ಇರಲಿಲ್ಲ. ಇಂಥ ಪ್ರಶ್ನೆ ಅವನಿಗೆ ಅರ್ಥವಾಗಬೇಕಾದರೆ ಮೊದಲು ಒಂದು ಭಾಷೆ ಬೇಕು, ಆ ಭಾಷೆ ಸಿಗುವುದು ಬೆಳಗಾವಿಯಲ್ಲಿ. ಹೋಗಬೇಕೋ ಬೇಡವೋ ಎಂದು ಅವನನ್ನು ಕೇಳಲು ಅವನನ್ನು ಮೊದಲು ಕಳಿಸಬೇಕು. ಆ ಮೊದಲ ನಿರ್ಧಾರ ಯಾರದು, ಅದನ್ನು ಪ್ರಜಾಪ್ರಭುತ್ವ ಎನ್ನಬಹುದೇ ಎಂಬುದಕ್ಕೆ ವಾರ್ನಾಕ್ ಅವರಲ್ಲಿ ನನಗೆ ಉತ್ತರ ಸಿಕ್ಕಿಲ್ಲ, ನನ್ನ ಬಳಿಯೂ ಇಲ್ಲ.