ಸೀತಾಳೆಯ ಎಲೆ ಮತ್ತು ಅನರ್ಥದಂಡ

ಗೃಹಸ್ಥನು ಸ್ಥಾವರ ಜೀವಿಗಳ ಹಿಂಸೆಯಿಂದ ಸಂಪೂರ್ಣವಾಗಿ ಪಾರಾಗಲಾರನೆಂಬುದನ್ನು ಒಪ್ಪಿಕೊಂಡೇ ಆಚಾರ್ಯರು ಶ್ರಾವಕಾಚಾರವನ್ನು ನಿರೂಪಿಸಿದ್ದಾರೆ. ಅಡಿಗೆ, ಬೇಸಾಯ, ಗೃಹನಿರ್ಮಾಣ, ವ್ಯಾಪಾರಗಳಲ್ಲಿ ಒದಗುವ ಹಿಂಸೆಯನ್ನು ಆರಂಭೀ, ಉದ್ಯೋಗೀ ಎಂದು ಬೇರೆ ಮಾಡಿ, ಸಂಕಲ್ಪಪೂರ್ವಕವಾದ ಹಿಂಸೆಯು ಅಣುವ್ರತಿಗೆ ಸರ್ವಥಾ ತ್ಯಾಜ್ಯವೆಂದಿದ್ದಾರೆ. ಆದರೆ ಈ ರಿಯಾಯಿತಿ ಅಗತ್ಯದ ಗೆರೆಯವರೆಗೆ ಮಾತ್ರ. ನಿಷ್ಪ್ರಯೋಜಕವಾಗಿ ನೆಲವನ್ನು ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಬಳ್ಳಿಗಳನ್ನು ಕೊಯ್ಯುವುದು ಇವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆ ಎಂದು ಕರೆದು ಅನರ್ಥದಂಡದ ಐದು ಬಗೆಗಳಲ್ಲಿ ಸೇರಿಸಿದ್ದಾರೆ. ಹಾಗಾದರೆ ಜ್ಞಾನಕ್ಕಾಗಿ ಕೊಯ್ದ ಎಲೆ ಗೆರೆಯ ಈಚೆಗಿನದೋ ಆಚೆಗಿನದೋ? ಜ್ಞಾನವನ್ನು ರತ್ನತ್ರಯದಲ್ಲಿಟ್ಟು ಪೂಜಿಸುವ ಸಮಾಜಕ್ಕೆ ಈ ಪ್ರಶ್ನೆ ಸುಲಭದ್ದಲ್ಲ.

ಪ್ರಶ್ನೆ ಕೇವಲ ಊಹೆಯದೂ ಅಲ್ಲ. ಬೆಳ್ತಂಗಡಿ ತಾಲೂಕಿನ ಘಟ್ಟದಡಿಯ ಊರುಗಳಲ್ಲಿ, ಬಂಟ್ವಾಳದ ಅಡಿಕೆ ತೋಟಗಳ ಅಂಚಿನಲ್ಲಿ, ಮೂಡಬಿದಿರೆಯ ಸುತ್ತಣ ಹಳೆಯ ಮಾವು ಹಲಸುಗಳ ಮೇಲೆ, ಮನೆತನದ ನಾಗಬನಗಳಲ್ಲಿ ಸೀತಾಳೆ ಇಂದಿಗೂ ಉಳಿದಿದೆ. ಆರ್ಕಿಡ್ ಎಂದು ಪುಸ್ತಕಗಳು ಕರೆಯುವುದು ಇದನ್ನೇ. ಮಳೆಗಾಲದ ಮುಂಚೂಣಿಯಲ್ಲಿ ಇಳಿಬೀಳುವ ಸೀತಾಳೆ ದಂಡೆಯನ್ನು ಮುಡಿದ ಹೆಣ್ಣುಮಕ್ಕಳು ಊರಲ್ಲಿ ಈಗಲೂ ಇದ್ದಾರೆ. ಭಾರತೀಯ ಸಸ್ಯವಿಜ್ಞಾನ ಸರ್ವೇಕ್ಷಣೆ 2019ರಲ್ಲಿ ಪ್ರಕಟಿಸಿದ ಸಚಿತ್ರ ಗ್ರಂಥ ಈ ದೇಶದಲ್ಲಿ 1,256 ಬಗೆಯ ಆರ್ಕಿಡ್‌ಗಳನ್ನು ಎಣಿಸಿದೆ. ಅವುಗಳಲ್ಲಿ 388 ಭಾರತದ ಹೊರಗೆ ಎಲ್ಲಿಯೂ ಇಲ್ಲ. ಸೀತಾಳೆ ದಂಡೆ ಅಷ್ಟು ವಿರಳವಲ್ಲ, ಆದರೆ ಅದರ ಬಂಧುಗಳಲ್ಲಿ ಹಲವು ಅಳಿವಿನ ಅಂಚಿಗೆ ಬಂದಿವೆ. ಅಂತಹ ಒಂದು ಗಿಡ ತಮ್ಮ ಬನದಲ್ಲಿದೆ ಎಂದು ತಿಳಿದ ಮನೆತನದ ಬಾಗಿಲಿಗೆ ತರುಣ ಸಂಶೋಧಕನೊಬ್ಬ ಬಂದು, ಅದರ ಮೈಟೋಕಾಂಡ್ರಿಯದ ಜೀನೋಮನ್ನು ಓದಬೇಕಾಗಿದೆ, ಎಲೆ ಕೊಡಿ ಎಂದು ಕೇಳಿದರೆ ಯಜಮಾನರು ಏನು ಹೇಳಬೇಕು?

ಮೊದಲು ಆತ ಕೇಳುತ್ತಿರುವುದೇನೆಂದು ತಿಳಿಯಬೇಕು. ಸಸ್ಯದ ಪ್ರತಿ ಜೀವಕೋಶದೊಳಗೆ ಮೈಟೋಕಾಂಡ್ರಿಯವೆಂಬ ಅತಿಸೂಕ್ಷ್ಮ ಅಂಗಗಳಿವೆ. ಉಸಿರಾಟದ ಕೊನೆಯ ಹಂತ ನಡೆದು ಶಕ್ತಿ ದೊರೆಯುವುದು ಅಲ್ಲಿಯೇ. ಅವುಗಳಿಗೆ ತಮ್ಮದೇ ಆದ ಡಿಎನ್‌ಎ ಇದ್ದು, ಸಾಮಾನ್ಯವಾಗಿ ಅದು ತಾಯಿಯ ಕಡೆಯಿಂದ ಮಾತ್ರ ಸಂತತಿಗೆ ಇಳಿಯುತ್ತದೆ. ಡಿಎನ್‌ಎಯ ನಾಲ್ಕು ಅಕ್ಷರಗಳು ಯಾವ ಕ್ರಮದಲ್ಲಿವೆ ಎಂದು ಮೊದಲಿನಿಂದ ಕೊನೆಯವರೆಗೆ ಓದಿ ಬರೆದಿಡುವುದೇ ಈ ಸಂಶೋಧನೆ. ಮನುಷ್ಯನ ಮೈಟೋಕಾಂಡ್ರಿಯದಲ್ಲಿ 16,569 ಅಕ್ಷರಗಳಿವೆಯೆಂದು 1981ರಲ್ಲಿಯೇ ಓದಿ ಮುಗಿಸಿದರು. ಸಸ್ಯಗಳದು ಇದಕ್ಕಿಂತ ಬಹುಪಾಲು ದೊಡ್ಡದು, ಬಹುಪಾಲು ಗೋಜಲು. ಚೀನಾದ ಒಂದು ಪಾದುಕೆ ಆರ್ಕಿಡ್‌ನಲ್ಲಿ ಸುಮಾರು 4.47 ಲಕ್ಷ ಅಕ್ಷರಗಳು 26 ಬಿಡಿ ಉಂಗುರಗಳಾಗಿ ಹಂಚಿಹೋಗಿವೆ. ಎಲೆಯೇ ಇಲ್ಲದೆ ಶಿಲೀಂಧ್ರವನ್ನು ಆಶ್ರಯಿಸಿ ಬದುಕುವ ಗ್ಯಾಸ್ಟ್ರೋಡಿಯ ಎಂಬ ಆರ್ಕಿಡ್‌ನಲ್ಲಿ 13 ಲಕ್ಷಕ್ಕೂ ಮಿಕ್ಕಿವೆಯೆಂದು 2018ರಲ್ಲಿ ತಿಳಿಯಿತು. ಪುಟ ಸಂಖ್ಯೆಯಿಲ್ಲದ, ಕಟ್ಟು ಬಿಚ್ಚಿಹೋದ ಓಲೆಗ್ರಂಥವನ್ನು ಜೋಡಿಸುವವನ ಕಷ್ಟವೇ ಇಲ್ಲಿಯ ಕಷ್ಟ.

ಏಕೇಂದ್ರಿಯ ಜೀವಿಗೆ ನಾಲ್ಕು ಪ್ರಾಣಗಳನ್ನು ಹೇಳಿದ ಪೂರ್ವಾಚಾರ್ಯರು ಸ್ಪರ್ಶನೇಂದ್ರಿಯ, ಕಾಯಬಲ, ಆಯುಗಳೊಡನೆ ಶ್ವಾಸೋಚ್ಛ್ವಾಸವನ್ನೂ ಎಣಿಸಿದ್ದಾರೆ. ಗಿಡ ಉಸಿರಾಡುತ್ತದೆಂಬ ಮಾತು ಆ ಕಾಲಕ್ಕೆ ಸಣ್ಣದಲ್ಲ. ಆದರೆ ಇದನ್ನೇ ಹಿಡಿದು ಮೈಟೋಕಾಂಡ್ರಿಯ ಆಗಮದಲ್ಲಿದೆ, ನಾಮಕರ್ಮವೆಂದರೆ ಡಿಎನ್‌ಎಯೇ ಎಂದು ಸಭೆಗಳಲ್ಲಿ ಸಾರುವವರ ಉತ್ಸಾಹ ಆಗಮಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ಅಲ್ಲ. ಅಕ್ಷರಗಳ ಸಾಲು ಔದಾರಿಕ ಶರೀರದ ವರ್ಣನೆ. ಅದು ಪುದ್ಗಲದ ವಿಷಯ. ಜೀವದ ವಿಷಯ ಬೇರೆ.

ಹೆಚ್ಚು ಬೆಲೆಯುಳ್ಳದ್ದು ಇನ್ನೊಂದು ಸಂಗತಿ. ಸೀತಾಳೆಯ ಬೀಜ ಧೂಳಿನಷ್ಟು ಸಣ್ಣದು. ಮೊಳಕೆಗೆ ಬೇಕಾದ ಬುತ್ತಿ ಅದರಲ್ಲಿಲ್ಲ. ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜಗಳಿದ್ದರೂ ತಕ್ಕ ಶಿಲೀಂಧ್ರದ ಎಳೆ ಒಳಹೊಕ್ಕು ಆಹಾರ ಕೊಡದಿದ್ದರೆ ಕಾಡಿನಲ್ಲಿ ಒಂದೂ ಗಿಡವಾಗದು. ಇದನ್ನು 1899ರಲ್ಲಿ ಕಂಡುಹಿಡಿದವನು ನೋಯೆಲ್ ಬರ್ನಾರ್ ಎಂಬ ಫ್ರೆಂಚ್ ವಿದ್ವಾಂಸ. ಈಚಿನ ವರ್ಷಗಳಲ್ಲಿ ಆರ್ಕಿಡ್‌ಗಳ ಮೈಟೋಕಾಂಡ್ರಿಯವನ್ನು ಓದಿದಾಗ ಅದರಲ್ಲಿ ಶಿಲೀಂಧ್ರದಿಂದ ಬಂದ ಜೀನುಗಳು ದೊರೆತಿವೆ. ಅವು ಯಾವುದೋ ಪ್ರಾಚೀನ ಕಾಲದಲ್ಲಿ ಸೇರಿಕೊಂಡವು. ಉಮಾಸ್ವಾಮಿಗಳು ಹೇಳಿದ ಪರಸ್ಪರೋಪಗ್ರಹದ ಸಾಕ್ಷ್ಯವೆಂದು ಇದನ್ನು ತೋರಿಸಬೇಕಾಗಿಲ್ಲ, ಅವರ ಮಾತಿಗೆ ಪ್ರಯೋಗಶಾಲೆಯ ಮುದ್ರೆ ಬೇಡ. ಆದರೆ ಗಿಡವನ್ನು ಉಳಿಸುವುದೆಂದರೆ ಅದರೊಡನೆ ಕಣ್ಣಿಗೆ ಕಾಣದ ಬೂಷ್ಟನ್ನೂ ಅದು ಕುಳಿತ ಮರವನ್ನೂ ಉಳಿಸುವುದೆಂಬ ವ್ಯಾವಹಾರಿಕ ಅರ್ಥ ಇಲ್ಲಿಂದ ಹೊರಡುತ್ತದೆ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣಗಳ ದ್ರಾವಣ ಸಿಂಪಡಿಸುವ ತೋಟದವರು ಇದನ್ನು ಗಮನಿಸಬೇಕು; ಶಿಲೀಂಧ್ರವನ್ನು ಕೊಲ್ಲುವುದೇ ಆ ದ್ರಾವಣದ ಗುಣ. ಅಡಿಕೆಗೆ ಅದು ಬೇಕು. ತೋಟದ ಬೇಲಿಯ ಹಲಸಿಗೆ ಬೇಡ.

ಇನ್ನು ಪ್ರಯೋಜನದ ಮಾತು. ವ್ಯಾಪಾರಿ ಲೆಕ್ಕ ಕೇಳುವಂತೆ ಇಲ್ಲಿ ಕೇಳಲೇಬೇಕು. ಸಸ್ಯಗಳ ಮೈಟೋಕಾಂಡ್ರಿಯದ ಜೀನುಗಳು ಬಹಳ ನಿಧಾನವಾಗಿ ಬದಲಾಗುವುದರಿಂದ, ದೂರದ ಕುಲಗಳ ಸಂಬಂಧವನ್ನು ತಿಳಿಯಲು ಅವು ಉಪಯುಕ್ತ. ಆದರೆ ಚಾರ್ಮಾಡಿಯ ಒಂದು ಗುಂಪಿಗೂ ಕುದುರೆಮುಖದ ಇನ್ನೊಂದು ಗುಂಪಿಗೂ ಇರುವ ವ್ಯತ್ಯಾಸ, ಒಳಸಂಬಂಧದಿಂದ ಗಿಡಗಳು ಬಲಗುಂದಿವೆಯೇ ಎಂಬುದು, ಇವಕ್ಕೆ ಕೋಶಕೇಂದ್ರದ ಡಿಎನ್‌ಎ ಹೆಚ್ಚು ಉತ್ತರ ಕೊಡುತ್ತದೆ. ಅಳಿವಿನಂಚಿನ ಗಿಡವನ್ನು ಉಳಿಸಲು ಎಂಬ ಮಾತು ಅರ್ಜಿಯ ಮೊದಲ ಸಾಲಿನಲ್ಲಿದ್ದು, ಕೊನೆಗೆ ಉಳಿಯುವುದು ಒಂದು ಪ್ರಬಂಧ ಮಾತ್ರವಾದರೆ, ಆ ಎಲೆ ಗೆರೆಯ ಆಚೆಗೆ ಬಿದ್ದಿತು. ತಿಳಿಯಬೇಕೆಂಬ ಶುದ್ಧ ಜಿಜ್ಞಾಸೆಯೂ ಒಂದು ಪ್ರಯೋಜನವೇ, ಅದನ್ನು ಅಲ್ಲಗಳೆಯಲಾಗದು. ಆಗ ಜಿಜ್ಞಾಸೆಯೆಂದೇ ಹೇಳಬೇಕು. ರಕ್ಷಣೆಯ ಹೆಸರು ಹಾಕಬಾರದು. ತೂಕದ ಕಲ್ಲು ಸುಳ್ಳಾದರೆ ಅಚೌರ್ಯವ್ರತಕ್ಕೆ ಬರುವ ದೋಷವೇ ಇಲ್ಲಿಯೂ ಬರುತ್ತದೆ.

ಪ್ರಯೋಜನ ಸತ್ಯವೆಂದು ಒಪ್ಪಿದ ಮೇಲೆ ಎಷ್ಟು, ಹೇಗೆ ಎಂಬ ಪ್ರಶ್ನೆ. ಹಣ್ಣು ತುಂಬಿದ ಮರದಡಿಗೆ ಬಂದ ಆರು ಜನರ ಲೇಶ್ಯಾದೃಷ್ಟಾಂತ ಗೊಮ್ಮಟಸಾರದ ಜೀವಕಾಂಡದಲ್ಲಿದೆ, ಪಾಠಶಾಲೆಯ ಮಕ್ಕಳಿಗೂ ಗೊತ್ತು. ಒಬ್ಬನು ಬುಡಸಹಿತ ಕಡಿಯಬೇಕೆಂದನು. ಒಬ್ಬೊಬ್ಬರಾಗಿ ಕಾಂಡಕ್ಕೆ, ಕೊಂಬೆಗೆ, ಟೊಂಗೆಗೆ, ಹಣ್ಣಿಗೆ ಇಳಿದರು. ಕಡೆಯವನು ನೆಲಕ್ಕೆ ಬಿದ್ದುದೇ ಸಾಕೆಂದನು. ಹಣ್ಣು ಆರು ಮಂದಿಗೂ ಬೇಕಾಗಿತ್ತೆಂಬುದನ್ನು ಮರೆಯಬಾರದು. ಹಸಿವು ದೋಷವಲ್ಲ. ಸೀತಾಳೆಯ ಮುಂದೆ ನಿಂತ ಸಂಶೋಧಕನಿಗೂ ಈ ಮೆಟ್ಟಿಲುಗಳಿವೆ. ಮುಂದೆ ಕಡಿಮೆ ಬೀಳದಿರಲೆಂದು ಹಿಂಡನ್ನೇ ಕಿತ್ತು ಚೀಲಕ್ಕೆ ಹಾಕುವವರಿದ್ದಾರೆ. ಗುರುತಿನ ದಾಖಲೆಗೆಂದು ಹೂವಿನೊಡನೆ ಇಡೀ ಗಿಡವನ್ನು ಒಣಗಿಸುವ ಪದ್ಧತಿ ಸಸ್ಯಶಾಸ್ತ್ರದಲ್ಲಿ ಹಳೆಯದು. ನಾಲ್ಕೇ ಗಿಡಗಳು ಉಳಿದಲ್ಲಿ ಅದು ಸಲ್ಲದು, ಛಾಯಾಚಿತ್ರ ಸಾಕಾಗಬೇಕು. ಸಾಮಾನ್ಯವಾಗಿ ಎಲೆಯ ಒಂದೆರಡು ಗ್ರಾಂ ತುಂಡಿನಲ್ಲಿ ಕೆಲಸ ಆಗುತ್ತದೆ. ಒಂದೊಂದು ಕೋಶದಲ್ಲಿ ಮೈಟೋಕಾಂಡ್ರಿಯದ ಡಿಎನ್‌ಎಗೆ ಬಹಳ ಪ್ರತಿಗಳಿರುವುದರಿಂದ, ಸಸ್ಯಸಂಗ್ರಹಾಲಯಗಳಲ್ಲಿ ದಶಕಗಳ ಹಿಂದೆ ಒಣಗಿಸಿಟ್ಟ ಹಾಳೆಗಳಿಂದಲೂ ಅದರ ಬಹುಭಾಗವನ್ನು ಓದಬಹುದಾಗಿದೆ. ಹೀಗಿರುವಾಗ ಬನಕ್ಕೆ ಬರುವ ಮೊದಲು ಆ ಹಾಳೆಗಳನ್ನು ನೋಡಿದ್ದೀರಾ ಎಂದು ಯಜಮಾನರು ಕೇಳುವುದು ಅವಿನಯವಾಗದು.

ಎಲೆ ಕೊಯ್ಯುವುದಕ್ಕಿಂತ ದೊಡ್ಡ ಹಿಂಸೆ ಆಮೇಲೆ ನಡೆಯಬಹುದೆಂಬುದನ್ನು ಬಹುಮಂದಿ ಯೋಚಿಸುವುದಿಲ್ಲ. ಪಶ್ಚಿಮ ಘಟ್ಟದ ದಕ್ಷಿಣ ತುದಿಯಲ್ಲಿ, ಅಗಸ್ತ್ಯಮಲೆಯ ಎತ್ತರದಲ್ಲಿ ಮಾತ್ರ ಬೆಳೆಯುವ ಹಳದಿ ಪಾದುಕೆ ಆರ್ಕಿಡ್ ಒಂದಿದೆ. 1865ರಲ್ಲಿ ಡ್ರೂರಿ ಎಂಬ ಸೈನ್ಯಾಧಿಕಾರಿ ಅದನ್ನು ಕಂಡನು, ಅವನ ಹೆಸರೇ ಅದಕ್ಕೆ ಉಳಿಯಿತು. ಅನಂತರ ಬಹುಕಾಲ ಕಾಣದೆ 1972ರಲ್ಲಿ ಮತ್ತೆ ದೊರೆಯಿತು. ದೊರೆತ ಸುದ್ದಿ ಹರಡಿದ್ದೇ ತಡ, ಸಂಗ್ರಾಹಕರು ಕಿತ್ತು ಸಾಗಿಸಿದರು. ಕಾಡಿನಲ್ಲಿ ಅದು ಇಂದು ಅತ್ಯಂತ ಅಪಾಯದ ಸ್ಥಿತಿಯಲ್ಲಿದೆ. ವಿಯೆಟ್ನಾಮಿನಲ್ಲಿ 2010ರಲ್ಲಿ ಹೆಸರು ಪಡೆದ ಒಂದು ಪುಟ್ಟ ಪಾದುಕೆ ಆರ್ಕಿಡ್ ಕೆಲವೇ ತಿಂಗಳುಗಳಲ್ಲಿ ತನ್ನ ನೆಲೆಯಿಂದ ಬಹುತೇಕ ಬರಿದಾಯಿತು. ಅನರ್ಥದಂಡದಲ್ಲಿ ಹಿಂಸಾದಾನವೆಂಬುದೊಂದಿದೆ: ಕೊಡಲಿ, ಗುದ್ದಲಿ, ಆಯುಧಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಕೈಯಲ್ಲಿ ಹಿಡಿಯಲಾಗದ ಕೊಡಲಿಗಳೂ ಈ ಕಾಲದಲ್ಲಿವೆ. ಅಕ್ಷಾಂಶ, ರೇಖಾಂಶಗಳನ್ನು ಕರಾರುವಾಕ್ಕಾಗಿ ಅಚ್ಚು ಹಾಕಿದ ಪ್ರಬಂಧ ಅಂತಹದು. ಬನದ ಹೆಸರಿನೊಡನೆ ಹಂಚಿದ ಛಾಯಾಚಿತ್ರವೂ ಅಂತಹದು. ಜೀನೋಮಿನ ಅಕ್ಷರಗಳನ್ನು ಲೋಕಕ್ಕೆಲ್ಲ ಕೊಡಲಿ, ಅದು ಶಾಸ್ತ್ರದಾನ. ಗಿಡದ ವಿಳಾಸವನ್ನು ಕೊಡಬಾರದು. 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯತ್ ಮಟ್ಟದ ಸಮಿತಿಗಳು ಊರಿನ ಸಸ್ಯಗಳ ದಾಖಲೆ ಇಡುತ್ತವೆ. ಅಲ್ಲಿಯೂ ವಿರಳ ಸೀತಾಳೆಯ ಠಾವನ್ನು ಗುಟ್ಟಾಗಿಡಲು ಹೇಳುವುದು ಮನೆಯವರ ಹಕ್ಕೂ ಹೌದು, ಹೊಣೆಯೂ ಹೌದು.

ಓದಿ ಪ್ರತಿ ಮಾಡಿಡುವ ವಿಚಾರದಲ್ಲಿ ಮೂಡಬಿದಿರೆಗೆ ತನ್ನದೇ ಆದ ಅನುಭವವಿದೆ. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆಯ ಓಲೆಪ್ರತಿಗಳು ಉಳಿದದ್ದು ಇಲ್ಲಿಯ ಸಿದ್ಧಾಂತ ಬಸದಿಯಲ್ಲಿ. ಶತಮಾನಗಳ ಕಾಲ ಅವು ದರ್ಶನಕ್ಕೆ, ಪೂಜೆಗೆ ಮಾತ್ರ ಹೊರಬರುತ್ತಿದ್ದವು. 19ನೆಯ ಶತಮಾನದ ಕೊನೆಯಲ್ಲಿ ಬಹಳ ಸಂಕೋಚದ ನಡುವೆ ಪ್ರತಿ ತೆಗೆಯುವ ಕಾರ್ಯ ಆರಂಭವಾಗಿ ಕಾಲು ಶತಮಾನ ನಡೆಯಿತು, 1939ರಿಂದ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿ 1958ರ ವೇಳೆಗೆ 16 ಸಂಪುಟಗಳಾದವು. ಓಲೆಗೆ ಕೈ ತಾಗಿಸಿದ್ದು ಅವಿನಯವೆಂದು ಅಂದು ಕೆಲವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಇಂದು ಯಾರೂ ಹಾಗೆ ಹೇಳಲಾರರು, ಏಕೆಂದರೆ ಪ್ರತಿಯಲ್ಲಿ ಗ್ರಂಥವು ಪೂರ್ತಿಯಾಗಿ ಬದುಕಿತು. ಓಲೆ ಹುಳು ಹಿಡಿದರೂ ಧವಲೆ ನಷ್ಟವಾಗದು.

ಸೀತಾಳೆಯ ವಿಷಯದಲ್ಲಿ ಈ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಗಣಕಯಂತ್ರದಲ್ಲಿಟ್ಟ ನಾಲ್ಕೂವರೆ ಲಕ್ಷ ಅಕ್ಷರಗಳಿಂದ ಒಂದು ಎಲೆ ಚಿಗುರದು, ಒಂದು ಬೂಷ್ಟಿನ ಎಳೆ ಹಬ್ಬದು. ಜೀನೋಮನ್ನು ಓದಿಟ್ಟಾಗಿದೆ, ಇನ್ನು ಗಿಡ ಹೋದರೂ ಚಿಂತೆಯಿಲ್ಲ ಎಂಬ ಧೋರಣೆ ಮೆಲ್ಲನೆ ಬರುತ್ತಿದೆ, ಅದನ್ನು ಆರಂಭದಲ್ಲಿಯೇ ತಡೆಯಬೇಕು. ಆದುದರಿಂದ ಎಲೆ ಕೊಡುವ ಮನೆತನ ಒಂದು ಕರಾರು ಹಾಕಬಹುದು: ಓದಿದವರು ವರ್ಷಕ್ಕೊಮ್ಮೆ ಬಂದು ಗಿಡ ಹೇಗಿದೆಯೆಂದು ನೋಡಲಿ, ಸಾಧ್ಯವಾದರೆ ಅದರ ಕಾಯಿಯೊಂದರಿಂದ ಸಸಿ ಮಾಡಿ ತಂದು ಅದೇ ಬನದಲ್ಲಿ ಕೂರಿಸಲಿ. ಶಿಲೀಂಧ್ರವಿಲ್ಲದೆ ಸಕ್ಕರೆಯ ಪಾಕದಲ್ಲಿ ಆರ್ಕಿಡ್ ಬೀಜವನ್ನು ಮೊಳೆಯಿಸುವ ವಿಧಾನ 1922ರಿಂದ ಲೋಕಕ್ಕೆ ಗೊತ್ತಿದೆ.

ಬಸದಿಗಳ ಆಡಳಿತ ಮಂಡಳಿಗಳಿಗೆ ಇಲ್ಲಿ ಸಣ್ಣ ಕೆಲಸಗಳಿವೆ. ವಾರ್ಷಿಕೋತ್ಸವಕ್ಕೆ ಮೊದಲು ಅಂಗಳದ ಮರಗಳನ್ನು ಶುಚಿ ಮಾಡುವ ಆಳುಗಳು ಸೀತಾಳೆಯನ್ನು ಬಂದಳಿಕೆಯೆಂದು ತಿಳಿದು ಕೆರೆದು ಹಾಕುವುದುಂಟು. ಬಂದಳಿಕೆ ಮರದ ರಸ ಹೀರುತ್ತದೆ; ಸೀತಾಳೆ ತೊಗಟೆಯ ಮೇಲೆ ಕುಳಿತು ಗಾಳಿಯ ತೇವವನ್ನೂ ಮಳೆಯ ನೀರನ್ನೂ ನಂಬಿ ಬಾಳುತ್ತದೆ, ಮರದಿಂದ ಏನನ್ನೂ ಕಸಿಯುವುದಿಲ್ಲ. ಈ ಭೇದವನ್ನು ಆಳುಗಳಿಗೆ ತೋರಿಸಿಕೊಡಬೇಕು. ಮೂಡಬಿದಿರೆಯ ಮೂಲಕ ಹೋಗುವ 169ನೆಯ ಹೆದ್ದಾರಿ, ಬಂಟ್ವಾಳ ಬೆಳ್ತಂಗಡಿಗಳ ಮೂಲಕ ಚಾರ್ಮಾಡಿ ಏರುವ 73ನೆಯ ಹೆದ್ದಾರಿಗಳ ಅಗಲೀಕರಣಕ್ಕೆ ಸಾಲುಮರಗಳು ಉರುಳಿವೆ. ಮರವನ್ನು ಲಾರಿಗೆ ಹೇರಿದ ಮೇಲೆ ಕೊಂಬೆಗಳ ಸೀತಾಳೆ ರಸ್ತೆಯ ಬದಿಯಲ್ಲಿ ಒಣಗುತ್ತದೆ. ಸಂಶೋಧಕನಿಗೆ ಬೇಕಾದ ಎಲೆ ಅಲ್ಲಿಯೂ ಸಿಗುತ್ತದೆ. ಅದು ಬಿದ್ದ ಹಣ್ಣಿಗೆ ಪೂರ್ತಿ ಸಮನಲ್ಲ, ಏಕೆಂದರೆ ಬಿದ್ದ ಸೀತಾಳೆ ಆಗಿನ್ನೂ ಜೀವಂತವಾಗಿರುತ್ತದೆ. ಇಲಾಖೆಯ ಒಪ್ಪಿಗೆ ಪಡೆದು ಬೇರುಗಳು ಮುರಿಯದಂತೆ ತೊಗಟೆಸಹಿತ ಎತ್ತಿ, ಬಸದಿಯ ಹಲಸು ಮಾವುಗಳ ಒರಟು ತೊಗಟೆಗೆ ತೆಂಗಿನ ನಾರಿನಿಂದ ಕಟ್ಟಿದರೆ ಬೇರು ಹಿಡಿಯುವುದುಂಟು. ಮಳೆ ಹಿಡಿದ ಮೊದಲ ವಾರಗಳು ಇದಕ್ಕೆ ಒಳ್ಳೆಯ ಸಮಯ.